ಆರ್‌ಒ ಯಂತ್ರದ ಎರಡನೇ ಕೊಳವೆ

ಮೇಜಿನ ಮೇಲೆ ಮೂರು ಲೋಟ ಇಟ್ಟಿದ್ದೇನೆ. ಮೂರರಲ್ಲೂ ಇರುವುದು ನೀರೇ. ಹತ್ತಿರ ಬಂದು ನೋಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲನೆಯದು ನಲ್ಲಿಯಿಂದ ಹಿಡಿದದ್ದು. ಎರಡನೆಯದು ಆರ್‌ಒ ಯಂತ್ರದಿಂದ ಬಂದ ಕುಡಿಯುವ ನೀರು. ಮೂರನೆಯದು ಅದೇ ಯಂತ್ರದಿಂದ ಸಿಂಕಿಗೆ ಇಳಿಬಿಟ್ಟಿರುವ ಎರಡನೇ ಸಣ್ಣ ಕೊಳವೆಯ ನೀರು. ಈಗ ಒಂದೊಂದಕ್ಕೂ ಟಿಡಿಎಸ್ ಮೀಟರ್ ಅದ್ದಿ ನೋಡೋಣ. ಮೊದಲ ಲೋಟ 600 ತೋರಿಸುತ್ತಿದೆ. ಎರಡನೆಯದು 30. ಮೂರನೆಯದು 790.

ಟಿಡಿಎಸ್ ಅಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವುದೆಲ್ಲ ಸೇರಿ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಮಾರುವವರು, ಕೊಳ್ಳುವವರು, ಸರ್ವಿಸ್‌ಗೆ ಬರುವವರು ಎಲ್ಲರೂ ಮಾತಾಡುವುದು ಎರಡನೇ ಲೋಟದ ಬಗ್ಗೆ. 30 ಬಂತಾ, ಸಂತೋಷ. ನಾನು ಇವತ್ತು ಮೂರನೇ ಲೋಟದ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಯಂತ್ರ ಯಾಕೆ ಇಷ್ಟು ನೀರು ಚೆಲ್ಲುತ್ತದೆ, ಮೆಂಬ್ರೇನ್ ಅಂದರೆ ಒಳಗೆ ನೀರು ಸೋಸುವ ಪೊರೆ ಯಾಕೆ ಬೇಗ ಹಾಳಾಗುತ್ತದೆ, ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯಾ ಇಲ್ಲವಾ, ಇದೆಲ್ಲ ಆ ಎರಡನೇ ಕೊಳವೆ ನೋಡಿದರೆ ಗೊತ್ತಾಗುತ್ತದೆ.

ಬಟ್ಟೆಯಲ್ಲಿ ನೀರು ಸೋಸಿದರೆ ಕಸ ಬಟ್ಟೆಯಲ್ಲೇ ಉಳಿಯುತ್ತದೆ. ಕ್ಯಾಂಡಲ್ ಫಿಲ್ಟರ್ ಮಾಡುವುದೂ ಅದನ್ನೇ. ಹಿಡಿದದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಕಟ್ಟಿಕೊಂಡಾಗ ನಾವು ತೊಳೆಯುತ್ತೇವೆ ಇಲ್ಲವೇ ಬದಲಾಯಿಸುತ್ತೇವೆ. ಆರ್‌ಒ ಮೆಂಬ್ರೇನ್ ಹಾಗಲ್ಲ. ಸರಿಯಾಗಿ ನಡೆಯುತ್ತಿರುವ ಮೆಂಬ್ರೇನ್ ಉಪ್ಪನ್ನು ತನ್ನಲ್ಲಿ ಇಟ್ಟುಕೊಳ್ಳುವುದೇ ಇಲ್ಲ. ಒಳಗೆ ಬಂದ ನೀರನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲಿನಲ್ಲಿ ಉಪ್ಪು ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ. ಉಪ್ಪು ಅಂದಾಗ ಅಡುಗೆ ಉಪ್ಪೊಂದೇ ಅಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್, ಸಲ್ಫೇಟ್, ಹೀಗೆ ನೀರಿನಲ್ಲಿ ಕರಗಿರುವ ಎಲ್ಲವನ್ನೂ ಸೇರಿಸಿ ಹೇಳುತ್ತಿದ್ದೇನೆ.

ಈ ಲೋಟಗಳ ಲೆಕ್ಕವನ್ನೇ ಮಾಡಿ ನೋಡಿ. ಯಂತ್ರದೊಳಗೆ 4 ಲೀಟರ್ ನೀರು ಹೋಯಿತು ಅಂದುಕೊಳ್ಳಿ. ಲೀಟರಿಗೆ 600ರಂತೆ ಒಟ್ಟು 2400 ಮಿಲಿಗ್ರಾಂ ಉಪ್ಪು. ಕುಡಿಯುವ ನೀರು 1 ಲೀಟರ್ ಬಂತು, ಅದು ತನ್ನ ಜೊತೆ 30 ಮಿಲಿಗ್ರಾಂ ತಂದಿತು. ಮಿಕ್ಕ 2370 ಮಿಲಿಗ್ರಾಂ ಎಲ್ಲಿಗೆ ಹೋಗಬೇಕು? ಉಳಿದ 3 ಲೀಟರಿನೊಳಗೆ. 2370ನ್ನು 3ರಿಂದ ಭಾಗಿಸಿ, 790. ಮೀಟರು ತೋರಿಸಿದ್ದೂ ಅದನ್ನೇ. ಉಪ್ಪು ಎಲ್ಲೂ ಮಾಯವಾಗಿಲ್ಲ. ಈ ಕೂಡು ಕಳೆಯುವ ಲೆಕ್ಕ ನೆನಪಿರಲಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಈಗ ಪೊರೆಯ ವಿಷಯ. 1748ರಲ್ಲಿ ಫ್ರಾನ್ಸಿನ ನೊಲೆ ಅನ್ನುವ ಪಾದ್ರಿ ಒಂದು ಪ್ರಯೋಗ ಮಾಡಿದರು. ಪಾತ್ರೆಯೊಂದಕ್ಕೆ ಆಲ್ಕೋಹಾಲ್ ತುಂಬಿಸಿ, ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆ ಬಿಗಿದು, ನೀರಿನಲ್ಲಿ ಮುಳುಗಿಸಿಟ್ಟರು. ಪೊರೆ ಹೊರಕ್ಕೆ ಉಬ್ಬಿಕೊಂಡಿತು. ಹೊರಗಿನ ನೀರು ಒಳಗೆ ನುಗ್ಗಿತ್ತು, ಒಳಗಿನ ಆಲ್ಕೋಹಾಲ್ ಅಷ್ಟು ಸುಲಭವಾಗಿ ಹೊರಗೆ ಬಂದಿರಲಿಲ್ಲ. ಇದೇ ಆಸ್ಮೋಸಿಸ್. ಕೆಲವು ಪೊರೆಗಳು ನೀರನ್ನು ಬಿಡುತ್ತವೆ, ನೀರಿನಲ್ಲಿ ಕರಗಿದ್ದನ್ನು ಬಿಡುವುದಿಲ್ಲ. ಅಂಥ ಪೊರೆಯ ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರು ಇಟ್ಟರೆ ಸಿಹಿನೀರು ತಾನಾಗಿಯೇ ಉಪ್ಪುನೀರಿನ ಕಡೆ ಹೋಗುತ್ತದೆ. ಅದನ್ನು ತಡೆದು ನಿಲ್ಲಿಸಲು ಉಪ್ಪುನೀರಿನ ಕಡೆಯಿಂದ ಎಷ್ಟು ಒತ್ತಡ ಹಾಕಬೇಕೋ ಅದಕ್ಕೆ ಆಸ್ಮೋಟಿಕ್ ಒತ್ತಡ ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಒತ್ತಿದರೆ ನೀರು ತಿರುಗಿ ಬರುತ್ತದೆ, ಉಪ್ಪುನೀರಿನಿಂದ ಸಿಹಿನೀರು ಹೊರಬೀಳುತ್ತದೆ. ರಿವರ್ಸ್ ಆಸ್ಮೋಸಿಸ್, ಚಿಕ್ಕದಾಗಿ ಆರ್‌ಒ, ಅಂದರೆ ಇಷ್ಟೇ.

ಎಷ್ಟು ಒತ್ತಬೇಕು ಅನ್ನುವುದನ್ನು ಲೆಕ್ಕ ಹಾಕಬಹುದು. ಆ ಲೆಕ್ಕ ಕಲಿಸಿಕೊಟ್ಟವರು ವಾಂಟ್ ಹಾಫ್. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೇ ಬಂತು. ಸಮುದ್ರದ ನೀರಿನ ಆಸ್ಮೋಟಿಕ್ ಒತ್ತಡ ಸುಮಾರು 27 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಅದಕ್ಕೇ ಸಮುದ್ರದ ನೀರು ಸಿಹಿ ಮಾಡುವ ಸ್ಥಾವರಗಳಲ್ಲಿ 55ರಿಂದ 70 ಬಾರ್ ಒತ್ತಡ ಕೊಡುತ್ತಾರೆ. ನಮ್ಮ 600ರ ನೀರಿನದು ಅರ್ಧ ಬಾರ್ ಕೂಡ ಇಲ್ಲ. ಮನೆಯ ಯಂತ್ರದಲ್ಲಿ ಪಂಪು ಕೊಡುವುದು 4ರಿಂದ 6 ಬಾರ್. ಅಂದರೆ ಆ ಒತ್ತಡದಲ್ಲಿ ಬಹುಪಾಲು ಹೋಗುವುದು ಆಸ್ಮೋಸಿಸ್ ಗೆಲ್ಲಲಿಕ್ಕಲ್ಲ, ದಟ್ಟವಾದ ಆ ಪೊರೆಯ ಮೂಲಕ ನೀರನ್ನು ಬೇಕಾದ ವೇಗದಲ್ಲಿ ನೂಕಲಿಕ್ಕೆ.

ತತ್ವ ಗೊತ್ತಿದ್ದರೂ ಎಷ್ಟೋ ಕಾಲ ಇದು ಪ್ರಯೋಗಾಲಯದಲ್ಲೇ ಉಳಿದಿತ್ತು. 1950ರ ದಶಕದಲ್ಲಿ ಸೆಲ್ಯುಲೋಸ್ ಅಸಿಟೇಟ್ ಹಾಳೆ ಉಪ್ಪನ್ನು ತಡೆಯುತ್ತದೆ ಅಂತ ಗೊತ್ತಾಯಿತು. ಆದರೆ ನೀರು ಹನಿಹನಿಯಾಗಿ ಬರುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಇದಕ್ಕೊಂದು ದಾರಿ ಕಂಡುಹಿಡಿದರು. ಹಾಳೆಯ ಮೇಲ್ಮೈ ಮಾತ್ರ ದಟ್ಟವಾಗಿರಲಿ, ಕೆಳಗಿನದೆಲ್ಲ ಸ್ಪಂಜಿನ ಥರ ತೂತು ತೂತಾಗಿರಲಿ ಅನ್ನುವುದು ಅವರ ಉಪಾಯ. ಉಪ್ಪು ತಡೆಯುವ ಪದರ ತೆಳುವಾದಷ್ಟೂ ನೀರು ಬೇಗ ಬರುತ್ತದೆ. 1965ರಲ್ಲಿ ಅಲ್ಲಿನ ಕೊಯಲಿಂಗ ಊರಿನಲ್ಲಿ ಇಂಥ ಪೊರೆಯಿಂದ ಊರಿನವರಿಗೆ ಕುಡಿಯುವ ನೀರು ಕೊಡಲು ಶುರುಮಾಡಿದರು. ಇವತ್ತು ನಿಮ್ಮ ಮನೆಯ ಮೆಂಬ್ರೇನಿನಲ್ಲಿರುವುದು ಪಾಲಿಅಮೈಡ್ ಅನ್ನುವ ಪ್ಲಾಸ್ಟಿಕ್. ಇದು 1970ರ ದಶಕದಲ್ಲಿ ಜಾನ್ ಕ್ಯಾಡಟ್ ರೂಪಿಸಿದ ಬಗೆ. ಪಾಲಿಅಮೈಡ್ ಪದರದ ದಪ್ಪ ಎಷ್ಟು ಗೊತ್ತಾ? ಹೆಚ್ಚೆಂದರೆ ಒಂದು ಮಿಲಿಮೀಟರಿನ 5000ದಲ್ಲಿ ಒಂದು ಭಾಗ. ಅದರ ಕೆಳಗಿರುವ ಎರಡು ಪದರಗಳ ಕೆಲಸ ಅದಕ್ಕೆ ಆಸರೆ ಕೊಡುವುದಷ್ಟೇ.

ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನೀರು ಈ ಪದರವನ್ನು ಹೇಗೆ ದಾಟುತ್ತದೆ ಅನ್ನುವುದರ ಬಗ್ಗೆ ಇವತ್ತಿಗೂ ಜಗಳ ಇದೆ. ನೀರಿನ ಅಣುಗಳು ಪ್ಲಾಸ್ಟಿಕ್ಕಿನೊಳಗೆ ಕರಗಿ, ಒಂದೊಂದಾಗಿ ಆ ಕಡೆ ಸಾಗುತ್ತವೆ ಅಂತ ಪಠ್ಯಪುಸ್ತಕಗಳಲ್ಲಿ ದಶಕಗಳಿಂದ ಬರೆದಿದ್ದಾರೆ. 2023ರಲ್ಲಿ ಬಂದ ಒಂದು ಸಂಶೋಧನಾ ಲೇಖನ, ಇಲ್ಲ, ಅತಿ ಸಣ್ಣ ರಂಧ್ರಗಳ ಜಾಲದಲ್ಲಿ ನೀರು ಹರಿದೇ ಹೋಗುತ್ತದೆ ಅಂತ ವಾದಿಸಿತು. ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ದಿನಾ ನಡೆಯುವ ಕೆಲಸದ ಒಳಗುಟ್ಟು ಇನ್ನೂ ಚರ್ಚೆಯಲ್ಲಿದೆ. ನನಗೆ ಇಂಥ ವಿಷಯ ಕೇಳಿದರೆ ಖುಷಿ, ಅದಕ್ಕೇ ಹೇಳಿದೆ. ನಮ್ಮ ಇವತ್ತಿನ ಲೆಕ್ಕಕ್ಕೆ ಇದರಿಂದ ವ್ಯತ್ಯಾಸ ಏನೂ ಆಗುವುದಿಲ್ಲ.

ಮೆಂಬ್ರೇನ್ ಕೊಯ್ದು ನೋಡಿದರೆ ಒಳಗೆ ಉದ್ದದ ಹಾಳೆ, ನಡುನಡುವೆ ಪ್ಲಾಸ್ಟಿಕ್ ಬಲೆ, ಎಲ್ಲ ಸೇರಿಸಿ ತೂತಿರುವ ಒಂದು ಕೊಳವೆಗೆ ಸುತ್ತಿರುತ್ತಾರೆ. ನೀರು ಒಂದು ತುದಿಯಿಂದ ಬಂದು ಹಾಳೆಯ ಉದ್ದಕ್ಕೂ ಹರಿಯುತ್ತದೆ. ಹರಿಯುವಾಗ ಅದರಲ್ಲಿ ಒಂದು ಭಾಗ ಪೊರೆ ದಾಟಿ ನಡುವಿನ ಕೊಳವೆ ಸೇರುತ್ತದೆ. ದಾಟದೇ ಉಳಿದದ್ದು ಇನ್ನೊಂದು ತುದಿಯಿಂದ ಹೊರಗೆ ಹೋಗುತ್ತದೆ. ಅದೇ ಎರಡನೇ ಕೊಳವೆ.

ಎಲ್ಲರೂ ಕೇಳುವ ಪ್ರಶ್ನೆ ಈಗ ಬರುತ್ತದೆ. ಉಳಿದದ್ದನ್ನು ಯಾಕೆ ಬಿಡಬೇಕು, ಇನ್ನಷ್ಟು ಒತ್ತಿ ಪೂರ್ತಿ ತೆಗೆದುಕೊಳ್ಳಬಾರದಾ?

ಲೆಕ್ಕ ಮಾಡಿ. ನೀರಿನಲ್ಲಿ ಅರ್ಧ ಪಾಲು ತೆಗೆದುಕೊಂಡರೆ ಉಳಿದ ಅರ್ಧದ ಟಿಡಿಎಸ್ 1170 ಆಗುತ್ತದೆ. 5 ಲೀಟರಿಗೆ 4 ಲೀಟರ್ ತೆಗೆದುಕೊಂಡರೆ ಉಳಿದ 1 ಲೀಟರಿನಲ್ಲಿ 2880. ಅದೂ ಸರಾಸರಿ. ಪೊರೆಗೆ ಅಂಟಿಕೊಂಡಂತೆ ಹರಿಯುವ ತೆಳು ನೀರಿನಲ್ಲಿ ಇನ್ನೂ ಜಾಸ್ತಿ ಇರುತ್ತದೆ, ಯಾಕೆಂದರೆ ನೀರು ದಾಟಿ ಹೋದ ಜಾಗದಲ್ಲೇ ಉಪ್ಪು ಗುಂಪುಗೂಡುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗಿರುವುದಕ್ಕೆ ಒಂದು ಮಿತಿ ಇದೆ. ಮಿತಿ ದಾಟಿದರೆ ಅದು ಗಟ್ಟಿಯಾಗಿ ಹೊರಬೀಳುತ್ತದೆ. ಗಡಸು ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕೂರುತ್ತದಲ್ವಾ, ಅದೇ ಸುಣ್ಣ ಇಲ್ಲಿ ಪೊರೆಯ ಮೇಲೆ ಕೂರುತ್ತದೆ. ಕ್ಯಾಲ್ಸಿಯಂ ಸಲ್ಫೇಟ್, ಸಿಲಿಕಾ ಕೂತರೆ ಇನ್ನೂ ಕಷ್ಟ, ಅವು ಸುಲಭವಾಗಿ ಬಿಡುವುದಿಲ್ಲ. ಹೊರಗೆ ಹೋಗುವ ನೀರು ಸುಮ್ನೆ ವ್ಯರ್ಥ ಹರಿಯುತ್ತಿಲ್ಲ. ಪೊರೆಯ ಮೇಲಿನ ಉಪ್ಪನ್ನು ಹೊತ್ತುಕೊಂಡು ಹೋಗುವುದೇ ಅದರ ಕೆಲಸ. ದೊಡ್ಡ ಸ್ಥಾವರಗಳಲ್ಲಿ ಸವಳು ನೀರಿನಿಂದ ನೂರಕ್ಕೆ 75ರಿಂದ 85 ಪಾಲು ತೆಗೆಯುತ್ತಾರೆ ನಿಜ. ಅಲ್ಲಿ ಸುಣ್ಣ ಕೂರದಂತೆ ರಾಸಾಯನಿಕ ಸೇರಿಸುತ್ತಾರೆ, ಮೆಂಬ್ರೇನುಗಳನ್ನು ಹಂತ ಹಂತವಾಗಿ ಜೋಡಿಸಿರುತ್ತಾರೆ, ನೋಡಿಕೊಳ್ಳಲು ಜನ ಇರುತ್ತಾರೆ. ಗೋಡೆಗೆ ತೂಗುಹಾಕಿದ ಯಂತ್ರದಲ್ಲಿ ಅದ್ಯಾವುದೂ ಇಲ್ಲ.

ಎಷ್ಟು ನೀರು ಹೊರಗೆ ಹೋಗಬೇಕು ಅಂತ ನಿರ್ಧರಿಸುವುದು ಒಂದು ಬೆರಳುದ್ದದ ತುಂಡು. ಅದರ ಹೆಸರು ಫ್ಲೋ ರಿಸ್ಟ್ರಿಕ್ಟರ್. ಸರ್ವಿಸ್‌ನವರು ಎಫ್‌ಆರ್ ಅನ್ನುತ್ತಾರೆ. ಅದರೊಳಗೆ ಬಹಳ ಸಣ್ಣ ದಾರಿ ಇರುತ್ತದೆ, ನೀರು ಅದರಲ್ಲಿ ನುಸುಳಿಕೊಂಡೇ ಹೋಗಬೇಕು. ಹಾಗಾಗಿ ಹಿಂದೆ ಒತ್ತಡ ನಿಲ್ಲುತ್ತದೆ. ಅದನ್ನು ಕಿತ್ತುಹಾಕಿದರೆ ಒತ್ತಡವೇ ಹುಟ್ಟುವುದಿಲ್ಲ, ನೀರೆಲ್ಲ ಸೀದಾ ಸಿಂಕಿಗೆ ಹೋಗುತ್ತದೆ. ಎಫ್‌ಆರ್ ಮೇಲೆ 300, 450 ಅಂತ ಬರೆದಿರುತ್ತಾರೆ. ನಿಮಿಷಕ್ಕೆ ಅಷ್ಟು ಮಿಲಿಲೀಟರ್ ಬಿಡುತ್ತದೆ ಅಂತ ಅರ್ಥ. ಮೆಂಬ್ರೇನ್ ಮೇಲೆ 75 ಜಿಪಿಡಿ ಅಂತ ಇದ್ದರೆ ದಿನಕ್ಕೆ 75 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 284 ಲೀಟರ್. ನಿಮಿಷಕ್ಕೆ ಹೆಚ್ಚುಕಡಿಮೆ 200 ಮಿಲಿಲೀಟರ್. ಈ ಮೆಂಬ್ರೇನಿಗೆ 450ರ ಎಫ್‌ಆರ್ ಹಾಕಿದರೆ 650ರಲ್ಲಿ 200 ನಿಮಗೆ, ಅಂದರೆ ನೂರಕ್ಕೆ ಸುಮಾರು 30. 300ರದು ಹಾಕಿದರೆ ನೂರಕ್ಕೆ 40. ಯಾವುದು ಸರಿ ಅನ್ನುವುದು ನೀರು ಎಷ್ಟು ಗಡಸು ಅನ್ನುವುದರ ಮೇಲೆ ನಿಂತಿದೆ. ನೀರು ಉಳಿಸುತ್ತೇನೆ ಅಂತ ಹೊರಗಿನ ಕೊಳವೆಯನ್ನು ಮಡಚಿ ಕಟ್ಟುವವರಿದ್ದಾರೆ. ಗಡಸು ನೀರಾದರೆ ಹೊಸ ಮೆಂಬ್ರೇನನ್ನು ಬೇಗ ಕೊಲ್ಲಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಬರೆದಿರುವ ಅಂಕಿ ಮನೆಯಲ್ಲಿ ಸಿಗುತ್ತದೆ ಅಂತ ಮಾತ್ರ ನಂಬಬೇಡಿ. 75 ಜಿಪಿಡಿ ಅನ್ನುವುದು 25 ಡಿಗ್ರಿ ಬೆಚ್ಚಗಿನ ನೀರು, ಸರಿಯಾದ ಒತ್ತಡ ಇದ್ದಾಗಿನ ಮಾತು. ನೀರು ಒಂದು ಡಿಗ್ರಿ ತಣ್ಣಗಾದರೆ ಪೊರೆ ದಾಟುವ ನೀರು ಸುಮಾರು ನೂರಕ್ಕೆ 3ರಷ್ಟು ಇಳಿಯುತ್ತದೆ. 15 ಡಿಗ್ರಿಗೆ ಬಂದರೆ ಮುಕ್ಕಾಲಿಗಿಂತ ಕಮ್ಮಿ. ಆದರೆ ಹೊರಗೆ ಹೋಗುವ ನೀರು ಆ ಮಟ್ಟಕ್ಕೆ ಇಳಿಯುವುದಿಲ್ಲ. ಚಳಿಗಾಲದಲ್ಲಿ ಯಂತ್ರ ನಿಧಾನ ಅನ್ನಿಸುವುದಕ್ಕೂ, ಜಾಸ್ತಿ ನೀರು ಚೆಲ್ಲುವುದಕ್ಕೂ ಇದೇ ಕಾರಣ. ಪಂಪಿಲ್ಲದೆ ನಲ್ಲಿಯ ಒತ್ತಡದಲ್ಲೇ ನಡೆಯುವ ಯಂತ್ರಗಳೂ ಇವೆ. ಅವುಗಳ ನೀರು ಗಾಳಿ ತುಂಬಿದ ಸಣ್ಣ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕು ತುಂಬುತ್ತಾ ಬಂದ ಹಾಗೆ ಅದು ತಿರುಗಿ ಒತ್ತುತ್ತದೆ, ಕೊನೆಯ ಒಂದೆರಡು ಲೀಟರಿಗೆ ಬಹಳ ನೀರು ಖರ್ಚಾಗುತ್ತದೆ. ಮಾಮೂಲಿ ಯಂತ್ರಗಳು 1 ಪಾಲು ಕುಡಿಯುವ ನೀರಿಗೆ 5 ಪಾಲು ಅಥವಾ ಇನ್ನೂ ಹೆಚ್ಚು ಹೊರಗೆ ಬಿಡುತ್ತವೆ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಾನು ತಂದಿರುವ ಲೋಟಗಳ ಯಂತ್ರ 1ಕ್ಕೆ 3. ಅಷ್ಟೇನೂ ಕೆಟ್ಟದ್ದಲ್ಲ.

ಇನ್ನು ಯಂತ್ರದ ಉಳಿದ ಭಾಗಗಳನ್ನು ಬೇಗ ನೋಡಿಬಿಡೋಣ. ಮೊದಲು ಸೆಡಿಮೆಂಟ್ ಫಿಲ್ಟರ್. ಮಣ್ಣು, ತುಕ್ಕು, ಮರಳು ಹಿಡಿಯುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿದ್ದು ಕಣ್ಣಿಗೇ ಕಾಣುತ್ತದೆ. ಆಮೇಲೆ ಕಾರ್ಬನ್. ಇದು ವಾಸನೆ ತೆಗೆಯಲಿಕ್ಕೆ ಅಂತ ತುಂಬಾ ಜನ ತಿಳಿದಿದ್ದಾರೆ. ವಾಸನೆ ತೆಗೆಯುವುದು ಹೌದು, ಆದರೆ ಮುಖ್ಯ ಕೆಲಸ ಮೆಂಬ್ರೇನನ್ನು ಕಾಯುವುದು. ಪಾಲಿಅಮೈಡಿಗೆ ಕ್ಲೋರಿನ್ ಅಂದರೆ ಆಗದು. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರು ನೇರವಾಗಿ ತಗುಲಿದರೆ 200ರಿಂದ 1000 ಗಂಟೆಯೊಳಗೆ ಪೊರೆ ಕೆಡಲು ಶುರುವಾಗುತ್ತದೆ. ಕ್ಲೋರಿನ್ ಹಾಕಿದ ನೀರು ಬರುವ ಕಡೆ ಕಾರ್ಬನ್ ಬದಲಾಯಿಸಲು ತಡಮಾಡಿದರೆ ಆಮೇಲೆ ಮೆಂಬ್ರೇನನ್ನೇ ಬದಲಾಯಿಸಬೇಕಾಗುತ್ತದೆ.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಕಾರ್ಬನ್ ಕ್ಲೋರಿನ್ ತೆಗೆದ ಮೇಲೆ ನೀರಿನಲ್ಲಿ ರೋಗಾಣು ಕೊಲ್ಲುವುದು ಏನೂ ಉಳಿದಿಲ್ಲ. ಮುಂದಿನ ಟ್ಯಾಂಕು, ಕೊಳವೆ, ನಲ್ಲಿಯಲ್ಲಿ ಒಂದಿಷ್ಟು ಬ್ಯಾಕ್ಟೀರಿಯಾ ಸೇರಿಕೊಂಡರೆ ಅವು ಬೆಳೆಯಬಹುದು. ಲೆಕ್ಕಕ್ಕೆ ಮೆಂಬ್ರೇನು ಬ್ಯಾಕ್ಟೀರಿಯಾವನ್ನೂ ತಡೆಯಬೇಕು, ವೈರಸ್ಸನ್ನೂ ತಡೆಯಬೇಕು. ಉಪ್ಪಿನ ಅಯಾನುಗಳಿಗೆ ಹೋಲಿಸಿದರೆ ಅವು ಬಹಳ ದೊಡ್ಡವು. ಆದರೆ ಒಂದು ರಬ್ಬರ್ ರಿಂಗು ಸಡಿಲವಾದರೆ, ಅಂಟಿಸಿದ ಜಾಗ ಬಿಟ್ಟುಕೊಂಡರೆ ಅವು ಪಕ್ಕದಿಂದ ನುಸುಳುತ್ತವೆ. ಅದಕ್ಕೇ ರೋಗಾಣು ಕೊಲ್ಲುವ ನೇರಳಾತೀತ ಬೆಳಕಿನ ದೀಪ, ಅಂದರೆ ಯುವಿ ದೀಪ ಇಡುತ್ತಾರೆ. ಯುವಿ ಕೆಲಸ ಮಾಡುವುದು ನೀರು ಅದರ ಮುಂದೆ ಹಾದುಹೋಗುವಷ್ಟು ಹೊತ್ತು ಮಾತ್ರ, ಆಮೇಲೆ ಅದರ ರಕ್ಷಣೆ ಇಲ್ಲ. ಆದ್ದರಿಂದ ಟ್ಯಾಂಕು ತೊಳೆಯದೆ ಬರೀ ಫಿಲ್ಟರ್ ಬದಲಾಯಿಸಿ ಹೋಗುವ ಸರ್ವಿಸ್ ಅರ್ಧ ಸರ್ವಿಸ್.

ಈಗ ಮೀಟರಿನ ವಿಷಯ. ನಾಲ್ಕನೇ ಲೋಟ ತೆಗೆದುಕೊಳ್ಳುತ್ತೇನೆ. ಇದರಲ್ಲಿ 30ರ ನೀರೇ ಇದೆ. ಎರಡು ಚಮಚ ಸಕ್ಕರೆ ಹಾಕಿ ಕಲಕುತ್ತೇನೆ. ಮೀಟರ್ ನೋಡಿ, ಹೆಚ್ಚುಕಡಿಮೆ ಅಲ್ಲೇ ಇದೆ. ಈಗ ಚಿಟಿಕೆ ಉಪ್ಪು ಹಾಕುತ್ತೇನೆ. ಹಾರಿತು, ಅಲ್ವಾ? ಈ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಅದನ್ನು ಒಂದು ಅಂದಾಜಿನ ಅಂಕಿಯಿಂದ ಗುಣಿಸಿ ಟಿಡಿಎಸ್ ಅಂತ ತೋರಿಸುತ್ತದೆ. ವಿದ್ಯುತ್ ಹರಿಸದ ಸಕ್ಕರೆ, ಕೀಟನಾಶಕ, ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ. ಅದರ ಹತ್ತು ಪಟ್ಟು, 0.1 ಮಿಲಿಗ್ರಾಂ ಇದ್ದರೂ ಮೀಟರಿನ ಅಂಕಿ ಬದಲಾಗುವುದಿಲ್ಲ, ಯಾಕೆಂದರೆ ಅದು ತೋರಿಸುವುದು ಪೂರ್ಣ ಅಂಕಿಗಳನ್ನು. ಫ್ಲೋರೈಡಿನ ಮಿತಿ 1.5 ಮಿಲಿಗ್ರಾಂ. 200 ಟಿಡಿಎಸ್ ಇರುವ ನೀರಿನಲ್ಲಿ 4 ಮಿಲಿಗ್ರಾಂ ಫ್ಲೋರೈಡ್ ಇರಬಹುದು, 900 ಇರುವ ನೀರಿನಲ್ಲಿ ಇರದಿರಬಹುದು. ಟಿಡಿಎಸ್‌ಗೇ ಆರೋಗ್ಯದ ಆಧಾರದ ಮೇಲೆ ಇಷ್ಟು ಅಂತ ಮಿತಿಯನ್ನು ಆ ಸಂಸ್ಥೆ ಹಾಕಿಲ್ಲ. 600ರೊಳಗಿದ್ದರೆ ಸಾಮಾನ್ಯವಾಗಿ ರುಚಿ ಚೆನ್ನಾಗಿರುತ್ತದೆ, 1000 ದಾಟಿದರೆ ಕುಡಿಯಲು ಹಿಡಿಸುವುದಿಲ್ಲ ಅಂತಷ್ಟೇ ಹೇಳಿದೆ. ಅಂದರೆ ಮೀಟರಿನ ಅಂಕಿ ರುಚಿಯ ಬಗ್ಗೆ ಒಂದು ಅಂದಾಜು ಕೊಡುತ್ತದೆ, ವಿಷದ ಬಗ್ಗೆ ಬಹುಮಟ್ಟಿಗೆ ಏನೂ ಹೇಳುವುದಿಲ್ಲ.

ಹಾಗಾಗಿ ಆರ್‌ಒ ಬೇಕಾ ಅಂತ ನನ್ನನ್ನು ಕೇಳಿದರೆ, ಪ್ರಯೋಗಾಲಯದ ವರದಿ ತನ್ನಿ ಅನ್ನುತ್ತೇನೆ. ವರದಿಯಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಸೀಸ ಜಾಸ್ತಿ ಇದ್ದರೆ ಅಥವಾ ನೀರು ನಿಜವಾಗಿಯೂ ಉಪ್ಪಾಗಿದ್ದರೆ ಆರ್‌ಒ ಒಳ್ಳೆಯ ಆಯ್ಕೆ. ಉಪ್ಪು ಕಮ್ಮಿ ಇದ್ದು ರೋಗಾಣುಗಳದ್ದಷ್ಟೇ ಭಯ ಅಂದರೆ ಕುದಿಸಿ, ಇಲ್ಲ ಯುವಿ ಅಥವಾ ಅಲ್ಟ್ರಾಫಿಲ್ಟ್ರೇಷನ್ (ರೋಗಾಣು ಹಿಡಿಯುವಷ್ಟು ಸಣ್ಣ ತೂತಿನ ಫಿಲ್ಟರ್) ಹಾಕಿಸಿ. ಅವುಗಳಲ್ಲಿ ಈ ಎರಡನೇ ಕೊಳವೆಯ ಗೋಳೇ ಇಲ್ಲ. ಕುದಿಸಿದರೆ ಉಪ್ಪು ಹೋಗುವುದಿಲ್ಲ ಅನ್ನುವುದು ಮಾತ್ರ ಗೊತ್ತಿರಲಿ. ಫ್ಲೋರೈಡ್, ಆರ್ಸೆನಿಕ್ ಇರುವ ನೀರನ್ನು ಕುದಿಸಿದಷ್ಟೂ ಆವಿ ಹೋಗಿ ಅವು ಇನ್ನಷ್ಟು ಗಾಢವಾಗುತ್ತವೆ.

ಆರ್‌ಒ ಕೂಡ ಎಲ್ಲವನ್ನೂ ಒಂದೇ ಥರ ತಡೆಯುವುದಿಲ್ಲ. ವಿದ್ಯುದಂಶ ಇರುವುದನ್ನು ಚೆನ್ನಾಗಿ ತಡೆಯುತ್ತದೆ. ಕ್ಯಾಲ್ಸಿಯಂ, ಸಲ್ಫೇಟ್ ಚೆನ್ನಾಗಿ ನಿಲ್ಲುತ್ತವೆ. ನೈಟ್ರೇಟ್ ಸ್ವಲ್ಪ ಜಾಸ್ತಿ ನುಸುಳುತ್ತದೆ. ವಿದ್ಯುದಂಶ ಇಲ್ಲದ ಸಣ್ಣ ಅಣುಗಳ ವಿಷಯದಲ್ಲಿ ಪೊರೆ ಸೋಲುತ್ತದೆ. ಬೋರಾನ್ ಹೀಗೇ ದಾಟುತ್ತದೆ. ಆರ್ಸೆನಿಕ್ಕಿನಲ್ಲಿ ಎರಡು ರೂಪ ಇವೆ. ಒಂದು ಚೆನ್ನಾಗಿ ನಿಲ್ಲುತ್ತದೆ. ಗಾಳಿ ತಗುಲದ ಆಳದ ನೀರಿನಲ್ಲಿ ಸಿಗುವ ಇನ್ನೊಂದು ರೂಪಕ್ಕೆ ವಿದ್ಯುದಂಶ ಇಲ್ಲ, ಅದು ಅಷ್ಟು ನಿಲ್ಲುವುದಿಲ್ಲ. ಅದನ್ನು ಮೊದಲು ಆಕ್ಸಿಡೈಸ್ ಮಾಡಿ ಮೊದಲನೇ ರೂಪಕ್ಕೆ ತಂದು ಆಮೇಲೆ ಮೆಂಬ್ರೇನಿಗೆ ಕೊಡಬೇಕು. ಕರಗಿರುವ ಅನಿಲಗಳಿಗಂತೂ ಬಾಗಿಲು ಪೂರ್ತಿ ತೆರೆದಿದೆ. ಕಾರ್ಬನ್ ಡೈ ಆಕ್ಸೈಡ್ ದಾಟಿ ಬರುತ್ತದೆ, ಅದನ್ನು ಸರಿತೂಗಿಸುತ್ತಿದ್ದ ಬೈಕಾರ್ಬೊನೇಟ್ ಹಿಂದೆ ಉಳಿಯುತ್ತದೆ. ಅದಕ್ಕೇ ಆರ್‌ಒ ನೀರಿನ ಪಿಎಚ್ ಸ್ವಲ್ಪ ಕೆಳಗಿರುತ್ತದೆ, ಅಂದರೆ ನೀರು ತುಸು ಆಮ್ಲದ ಕಡೆಗಿರುತ್ತದೆ. ಅದರಿಂದ ಗಾಬರಿಯಾಗಬೇಕಾದ್ದು ಏನಿಲ್ಲ.

ಇಲ್ಲಿ ಒಂದು ಸ್ಕ್ರೂ ಬಗ್ಗೆ ಹೇಳಲೇಬೇಕು. ಕೆಲವು ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಇರುತ್ತದೆ. ನೀರು ತೀರಾ ಸಪ್ಪೆ ಅನ್ನಿಸಿದರೆ ಅದನ್ನು ತಿರುಗಿಸಿ 30 ಇದ್ದದ್ದನ್ನು 100ಕ್ಕೆ ತರುತ್ತಾರೆ. ಖನಿಜ ಸೇರಿಸಿದೆ ಅನ್ನುತ್ತಾರೆ. ನಿಜವಾಗಿ ಆಗುವುದೇನೆಂದರೆ ಮೆಂಬ್ರೇನಿಗೆ ಹೋಗುವ ಮೊದಲಿನ ನೀರನ್ನೇ ಒಂದಿಷ್ಟು ಪಕ್ಕದ ದಾರಿಯಿಂದ ತಂದು ಬೆರೆಸುತ್ತಾರೆ. ನಮ್ಮ 600ರ ನೀರಿನ ಲೆಕ್ಕದಲ್ಲಿ 100 ಬರಬೇಕಾದರೆ ನೂರರಲ್ಲಿ ಸುಮಾರು 12 ಪಾಲು ಹಾಗೆ ಬಂದ ನೀರು. ನೀವು ಆರ್‌ಒ ಹಾಕಿಸಿದ್ದೇ ಆರ್ಸೆನಿಕ್ಕಿಗಾಗಿ ಅಂತಾದರೆ ಆ 12 ಪಾಲಿನ ಆರ್ಸೆನಿಕ್ಕೂ ನಿಮ್ಮ ಲೋಟಕ್ಕೆ ಬಂತು. ನೀರು ಬರೀ ಗಡಸಾಗಿದ್ದರೆ ಪರವಾಗಿಲ್ಲ. ವಿಷ ಇರುವ ನೀರಿಗೆ ಆ ಸ್ಕ್ರೂ ಪೂರ್ತಿ ಮುಚ್ಚಿರಬೇಕು. ರುಚಿ ಬೇಕಿದ್ದರೆ ಖನಿಜದ ಕಾರ್ಟ್ರಿಜ್ ಬೇರೆಯೇ ಸಿಗುತ್ತದೆ.

ಖನಿಜದ ಮಾತು ಬಂತಲ್ಲ, ಅದನ್ನೂ ಮುಗಿಸೋಣ. ಆರ್‌ಒ ನೀರು ಕುಡಿದರೆ ಮೂಳೆ ಕರಗುತ್ತದೆ ಅಂತ ಹೆದರಿಸುವವರು ಒಂದು ಕಡೆ. ನೀರಿನಲ್ಲಿರುವ ಖನಿಜ ಲೆಕ್ಕಕ್ಕೇ ಇಲ್ಲ ಅನ್ನುವವರು ಇನ್ನೊಂದು ಕಡೆ. ನಾನು ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರು 2 ಲೀಟರ್ ಕುಡಿದರೆ 80 ಬಂತು. ಆರ್‌ಒ ಹಾಕಿದರೆ ಅದು ಹೋಯಿತು, ಊಟದಲ್ಲಿ ಸರಿಹೋಗುತ್ತದೆ. ಆದರೆ ಲೀಟರಿಗೆ 100 ಮಿಲಿಗ್ರಾಂ ಇರುವ ಗಡಸು ನೀರಾಗಿದ್ದರೆ 200 ಹೋಯಿತು, ಅಂದರೆ ಐದನೇ ಒಂದು ಪಾಲು. ಮೊದಲೇ ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಮತ್ತೆ ಎರಡನೇ ಕೊಳವೆಗೆ ಬರೋಣ. ಮನೆಗೆ ಹೋಗಿ ನೀವೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ಯಂತ್ರ ನಡೆಯುತ್ತಿರುವಾಗ ಎರಡೂ ಕೊಳವೆಯ ಕೆಳಗೆ ಒಂದೊಂದು ಅಳತೆ ಪಾತ್ರೆ ಹಿಡಿಯಿರಿ. 5 ನಿಮಿಷದಲ್ಲಿ ಎಷ್ಟೆಷ್ಟು ಬಂತು ನೋಡಿ. ಕುಡಿಯುವ ನೀರು ಕಮ್ಮಿಯಾಗುತ್ತಾ ಹೋಗಿ ಹೊರಗಿನದು ಹಾಗೇ ಇದ್ದರೆ ಪೊರೆ ಕಟ್ಟಿಕೊಳ್ಳುತ್ತಿದೆ. ಎರಡೂ ಕಮ್ಮಿಯಾಗುತ್ತಿದ್ದರೆ ಮೆಂಬ್ರೇನಿಗಿಂತ ಮೊದಲಿನ ಫಿಲ್ಟರ್ ತುಂಬಿ ಒತ್ತಡ ಇಳಿದಿರಬಹುದು. ಹೊರಗಿನ ನೀರು ನಿಂತೇ ಹೋಗಿದ್ದರೆ ನೀರು ಉಳಿಯಿತು ಅಂತ ಖುಷಿಪಡಬೇಡಿ, ಎಫ್‌ಆರ್ ಕಟ್ಟಿಕೊಂಡಿದೆ. ಅವತ್ತೇ ಸರಿಮಾಡಿಸಬೇಕು. ಟ್ಯಾಂಕು ತುಂಬಿ ಪಂಪು ನಿಂತ ಮೇಲೂ ಹೊರಗಿನ ಕೊಳವೆ ತೊಟ್ಟಿಕ್ಕುತ್ತಲೇ ಇದ್ದರೆ ನೀರು ಒಳಗೆ ಬರುವುದನ್ನು ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ರಾತ್ರಿಯೆಲ್ಲ ನೀರು ಹೋಗುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಮೆಂಬ್ರೇನಿಗಿಂತ ಈ ವಾಲ್ವೇ ಜಾಸ್ತಿ ನೀರು ಚೆಲ್ಲುತ್ತಿರುತ್ತದೆ ಅಂತ ನನ್ನ ಅನುಮಾನ.

ಪಾತ್ರೆ ಹಿಡಿಯಲು ಜಾಗ ಇಲ್ಲದಿದ್ದರೆ ಮೀಟರಿನಿಂದಲೇ ಲೆಕ್ಕ ಸಿಗುತ್ತದೆ. ಹೊರಗಿನ ನೀರಿನ ಅಂಕಿಯಲ್ಲಿ ನಲ್ಲಿಯ ಅಂಕಿ ಕಳೆಯಿರಿ, 190. ಹೊರಗಿನ ಅಂಕಿಯಲ್ಲಿ ಕುಡಿಯುವ ನೀರಿನ ಅಂಕಿ ಕಳೆಯಿರಿ, 760. 190ನ್ನು 760ರಿಂದ ಭಾಗಿಸಿದರೆ ಕಾಲು. ನಾಲ್ಕರಲ್ಲಿ ಒಂದು ಪಾಲು ನಿಮ್ಮದು. ಸ್ಕ್ರೂ ತಿರುಗಿಸಿ ನೀರು ಬೆರೆಸಿರುವ ಯಂತ್ರದಲ್ಲಿ ಈ ಲೆಕ್ಕ ತಪ್ಪುತ್ತದೆ, ಅದನ್ನು ಮುಚ್ಚಿ ಅಳೆಯಿರಿ. ಮೆಂಬ್ರೇನ್ ಬದಲಾಯಿಸುವ ಕಾಲ ಬಂತಾ ಅನ್ನುವುದೂ ಹೀಗೇ ಗೊತ್ತಾಗುತ್ತದೆ. 600ರಲ್ಲಿ 30 ಬರುತ್ತಿದ್ದರೆ ನೂರಕ್ಕೆ 95 ತಡೆಯುತ್ತಿದೆ. ನಲ್ಲಿಯ ನೀರು ಅಷ್ಟೇ ಇದ್ದು ಇದು 60, 90 ಅಂತ ಏರಿದರೆ ಪೊರೆ ಸವೆದಿದೆ. ವರ್ಷ ಆಯಿತು ಅನ್ನುವ ಒಂದೇ ಕಾರಣಕ್ಕೆ ಚೆನ್ನಾಗಿರುವ ಮೆಂಬ್ರೇನ್ ಬದಲಾಯಿಸಬೇಕಿಲ್ಲ. ಅಳೆಯುವಾಗ ಬೆಳಗ್ಗೆ ಬರುವ ಮೊದಲ ನೀರು ಬೇಡ. ಯಂತ್ರ ನಿಂತಿದ್ದಾಗ ಒತ್ತಡ ಇರುವುದಿಲ್ಲ, ಆದರೆ ಉಪ್ಪು ಪೊರೆಯ ಮೂಲಕ ನಿಧಾನವಾಗಿ ನುಸುಳುತ್ತಲೇ ಇರುತ್ತದೆ. ಹಾಗಾಗಿ ಮೊದಲು ಬರುವ ನೀರಿನ ಅಂಕಿ ಜಾಸ್ತಿ. ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

ಹೊರಗೆ ಬಂದ ನೀರನ್ನು ಏನು ಮಾಡುವುದು? 790ರ ನೀರು ನೆಲ ಒರೆಸಲು, ಶೌಚಾಲಯಕ್ಕೆ ಧಾರಾಳವಾಗಿ ಆಗುತ್ತದೆ. ಗಾಜು ತೊಳೆದರೆ ಬಿಳಿ ಕಲೆ ಉಳಿಯುತ್ತದೆ. ಗಿಡಕ್ಕೆ ಹಾಕಬಹುದಾ ಅಂತ ಕೇಳುತ್ತಾರೆ. ನೆಲದಲ್ಲಿರುವ ಗಿಡಕ್ಕೆ, ಮಳೆ ಬಂದು ಮಣ್ಣು ತೊಳೆದುಹೋಗುವ ಕಡೆ, ಒಮ್ಮೊಮ್ಮೆ ಹಾಕಿದರೆ ಪರವಾಗಿಲ್ಲ. ಕುಂಡದ ಗಿಡಕ್ಕೆ ದಿನಾ ಹಾಕಿದರೆ ನೀರು ಆವಿಯಾಗಿ ಉಪ್ಪು ಅಲ್ಲೇ ಉಳಿಯುತ್ತದೆ, ಎಲೆಯ ಅಂಚು ಸುಡುತ್ತದೆ. ನಲ್ಲಿಯ ನೀರಿನಲ್ಲೇ ಆರ್ಸೆನಿಕ್ ಇದ್ದರೆ ಹೊರಗಿನ ನೀರಿನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಅದನ್ನು ತರಕಾರಿ ಗಿಡಗಳಿಗೆ ಹಾಕಬೇಡಿ.

ಹಿಂದಿನ ಸಾಲಿನಿಂದ ಒಬ್ಬರು, ಒಂದು ಹನಿಯೂ ವ್ಯರ್ಥವಾಗದ ಆರ್‌ಒ ಅಂತ ಜಾಹೀರಾತು ನೋಡಿದೆ, ಅದು ನಿಜವಾ ಅಂತ ಕೇಳುತ್ತಿದ್ದಾರೆ. ಅದರಲ್ಲೂ ಎರಡನೇ ಕೊಳವೆ ಇರುತ್ತದೆ. ಅದನ್ನು ಸಿಂಕಿಗೆ ಬಿಡುವ ಬದಲು ಮನೆಯ ಬೇರೆ ನೀರಿನ ಕೊಳವೆಗೆ ಅಥವಾ ಮೇಲಿನ ಟ್ಯಾಂಕಿಗೆ ಜೋಡಿಸಿರುತ್ತಾರೆ. ಇದು ಮೋಸ ಅಂತ ನಾನು ಹೇಳುವುದಿಲ್ಲ, ಲೆಕ್ಕ ಹಾಕಿ ನೋಡಿ. 970 ಲೀಟರ್ 600ರ ನೀರಿಗೆ 30 ಲೀಟರ್ 790ರ ನೀರು ಸೇರಿದರೆ ಟ್ಯಾಂಕಿನ ಟಿಡಿಎಸ್ 606 ಆಗುತ್ತದೆ. ಸ್ನಾನಕ್ಕೆ, ಬಟ್ಟೆಗೆ ಆ ನೀರು ದಿನಾ ಖಾಲಿಯಾಗುವ ಮನೆಯಲ್ಲಿ ಇದು ಏನೂ ಅಲ್ಲ. ಆದರೆ ಕೆಲವರು 20 ಲೀಟರಿನ ಡ್ರಮ್ಮಿನಿಂದ ಯಂತ್ರಕ್ಕೆ ನೀರು ಕೊಟ್ಟು, ಹೊರಗಿನ ಕೊಳವೆಯನ್ನು ಅದೇ ಡ್ರಮ್ಮಿಗೆ ಬಿಡುತ್ತಾರೆ. 10 ಲೀಟರ್ ಕುಡಿಯುವ ನೀರು ತೆಗೆದಾಗ ಡ್ರಮ್ಮಿನಲ್ಲಿ ಉಳಿದದ್ದು ಸುಮಾರು 1160 ಆಗಿರುತ್ತದೆ. 15 ಲೀಟರ್ ತೆಗೆದಾಗ 2200 ದಾಟಿರುತ್ತದೆ, ಕುಡಿಯುವ ನೀರಿನ ಅಂಕಿಯೂ ಜೊತೆಗೇ ಏರಿರುತ್ತದೆ. ಹಾಗೆ ಮಾಡುವವರು ಅರ್ಧಕ್ಕೇ ನಿಲ್ಲಿಸಿ, ಉಳಿದ 10 ಲೀಟರನ್ನು ನೆಲ ಒರೆಸಲು ತೆಗೆದಿಟ್ಟು, ಡ್ರಮ್ಮಿಗೆ ಹೊಸ ನೀರು ತುಂಬಿಸಿಕೊಳ್ಳಿ.